ಟೇಪು ಹಿಡಿದು ಟಿವಿ ಕೊಳ್ಳಿ: 4ಕೆ, 8ಕೆ ಮತ್ತು ನಮ್ಮ ಹಾಲ್‌ನ ಅಳತೆ

(ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಧ್ವನಿಮುದ್ರಣದಿಂದ ಇಳಿಸಿಕೊಂಡು ತಿದ್ದಿದ್ದು.)

ನಿಮ್ಮ ಮನೆಯ ಟಿವಿ ಎಷ್ಟು ಇಂಚು ಅಂತ ಕೇಳಿದರೆ ಇಲ್ಲಿ ಕೂತವರೆಲ್ಲ ಥಟ್ಟನೆ ಹೇಳಿಬಿಡುತ್ತೀರಿ. ಫುಲ್ ಎಚ್‌ಡಿಯೋ 4ಕೆಯೋ ಅಂದರೂ ಉತ್ತರ ಸಿದ್ಧವಿರುತ್ತದೆ. ಸೋಫಾದಲ್ಲಿ ಒರಗಿ ಕೂತಾಗ ನಿಮ್ಮ ಕಣ್ಣಿನಿಂದ ಪರದೆಗೆ ಎಷ್ಟು ಅಡಿ? ಗೊತ್ತಿದ್ದವರು ಕೈ ಎತ್ತಿ ನೋಡೋಣ. ಮೂರು ಕೈ ಕಾಣುತ್ತಿವೆ. ಅದಕ್ಕೇ ಈ ಟೇಪು ತಂದಿದ್ದೇನೆ. ಇವತ್ತಿನ ಮಾತೆಲ್ಲ ಇದರ ಮೇಲೇ ನಿಂತಿದೆ.

30ಕ್ಕೆ 40ರ ಸೈಟಿನಲ್ಲಿ ಕಟ್ಟಿದ ಮನೆ ತೆಗೆದುಕೊಳ್ಳಿ. ಹಾಲ್ ಹೆಚ್ಚುಕಡಿಮೆ 12ಕ್ಕೆ 14 ಅಡಿ ಇರುತ್ತದೆ. ಒಂದು ಗೋಡೆಗೆ ಟಿವಿ, ಎದುರು ಗೋಡೆಗೆ ಸೋಫಾ. ಸೋಫಾದ ಬೆನ್ನು ತಿನ್ನುವ ಜಾಗ ಕಳೆದರೆ ಕಣ್ಣಿನಿಂದ ಪರದೆಗೆ 9ರಿಂದ 10 ಅಡಿ ಉಳಿಯುತ್ತದೆ. 20ಕ್ಕೆ 30ರ ಮನೆಯಾದರೆ 7 ಅಡಿ. ಮೂಡಿಗೆರೆ, ಸಕಲೇಶಪುರ ಕಡೆಯ ಹಳೆಯ ತೋಟದ ಮನೆಗಳ ದೊಡ್ಡ ಹಜಾರದಲ್ಲಿ 14 ಅಡಿ ದೂರದ ಆರಾಮ ಕುರ್ಚಿಯಿಂದ ನೋಡುವವರೂ ಇದ್ದಾರೆ. ಈ ಮೂರು ಮನೆಗೂ ಒಂದೇ ಟಿವಿ ಸರಿಹೋಗುವುದಿಲ್ಲ. ಅಂಗಡಿಯಲ್ಲಿ ಮಾತ್ರ ಮೂವರಿಗೂ ಒಂದೇ ಮಾತು: "ಈಗೆಲ್ಲ 4ಕೆ ಸರ್, ಇನ್ನು ಮುಂದೆ 8ಕೆ."

ಈ 'ಕೆ' ಏನು ಅನ್ನುವುದನ್ನು ಮೊದಲು ಬಿಡಿಸಿಕೊಳ್ಳೋಣ. ಪರದೆಯಲ್ಲಿರುವುದು ಚುಕ್ಕೆಗಳು, ಪಿಕ್ಸೆಲ್‌ಗಳು. ಸೆಟ್‌ಟಾಪ್ ಬಾಕ್ಸಿನಲ್ಲಿ ಇವತ್ತಿಗೂ ಎಸ್‌ಡಿ ಅನ್ನಿಸಿಕೊಳ್ಳುವ ಚಿತ್ರದಲ್ಲಿ ಅಡ್ಡಕ್ಕೆ 720, ಮೇಲಿಂದ ಕೆಳಕ್ಕೆ 576. ಗುಣಿಸಿದರೆ 4 ಲಕ್ಷ ಚಿಲ್ಲರೆ. 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ 1366ಕ್ಕೆ 768, ಹತ್ತೂವರೆ ಲಕ್ಷ. ಫುಲ್ ಎಚ್‌ಡಿ 1920ಕ್ಕೆ 1080, ಸುಮಾರು 21 ಲಕ್ಷ. 4ಕೆ ಅಂದರೆ 3840ಕ್ಕೆ 2160, 83 ಲಕ್ಷ. 8ಕೆ 7680ಕ್ಕೆ 4320, ಮೂರು ಕೋಟಿ 32 ಲಕ್ಷ.

ಇಲ್ಲೊಂದು ಜಾಣತನ ನಡೆದಿದೆ, ಗಮನಿಸಿ. 576, 1080 ಅನ್ನುವಾಗ ಎಣಿಸುತ್ತಿದ್ದದ್ದು ಮೇಲಿಂದ ಕೆಳಗಿನ ಸಾಲುಗಳನ್ನು. ಅದೇ ಲೆಕ್ಕದಲ್ಲಿ ಮುಂದಿನದನ್ನು 2160 ಅನ್ನಬೇಕಿತ್ತು. ಅಲ್ಲಿಗೆ ಬರುವಾಗ ಎಣಿಕೆಯನ್ನು ಅಡ್ಡಕ್ಕೆ ತಿರುಗಿಸಿ, 3840ನ್ನು ಸುತ್ತಿ ನಾಲ್ಕು ಸಾವಿರ ಮಾಡಿ, 4ಕೆ ಅಂದರು. ಅರ್ಧ ಹೂವನ್ನು ಮೊಳದಲ್ಲಿ ಅಳೆದು, ಉಳಿದರ್ಧವನ್ನು ಗೇಣಿನಲ್ಲಿ ಅಳೆದು "ನೋಡಿ ಎಷ್ಟು ಜಾಸ್ತಿಯಾಯಿತು" ಅಂದ ಹಾಗೆ. ಕಿವಿಗೆ 1080ರಿಂದ 4000ಕ್ಕೆ ನಾಲ್ಕು ಪಟ್ಟು ಜಿಗಿದಂತೆ ಕೇಳುತ್ತದೆ. ಅಡ್ಡ ಎರಡು ಪಟ್ಟು, ಉದ್ದ ಎರಡು ಪಟ್ಟು, ಅಷ್ಟೇ. ಚುಕ್ಕೆಗಳ ಒಟ್ಟು ಸಂಖ್ಯೆ ನಾಲ್ಕು ಪಟ್ಟು ಆಗುತ್ತದೆ ನಿಜ, ಆದರೆ ಒಂದು ಗೆರೆ ಎಷ್ಟು ಸಣ್ಣದಾಗಿ ಕಾಣಬಲ್ಲದು ಅನ್ನುವುದು ಎರಡೇ ಪಟ್ಟು.

ಈಗ ಕಣ್ಣಿನ ವಿಷಯ. ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆಗೆ ಕೂರಿಸಿ, ಆರು ಮೀಟರ್ ದೂರದ ಫಲಕದ ಅಕ್ಷರ ಓದಿಸುತ್ತಾರಲ್ಲ. 6/6 ಅಂದರೆ ಸರಿಯಾದ ಕಣ್ಣು. ಆ 6/6 ಸಾಲಿನ ಅಕ್ಷರದ ಎತ್ತರ 8.7 ಮಿಲಿಮೀಟರ್, ಅಕ್ಷರದ ಗೆರೆಯ ದಪ್ಪ ಅದರ ಐದನೇ ಒಂದು ಭಾಗ, 1.75 ಮಿಲಿಮೀಟರ್. ಆರು ಮೀಟರಿನಿಂದ ಅಷ್ಟು ಸಣ್ಣ ಗೆರೆಯನ್ನು ಬಿಡಿಸಿ ನೋಡಬಲ್ಲ ಕಣ್ಣಿಗೆ ಸಿಗುವ ಕೋನ ಒಂದು ಡಿಗ್ರಿಯಲ್ಲಿ ಅರವತ್ತನೇ ಒಂದು ಭಾಗ. ಇದನ್ನೇ ಮನೆಯ ಅಳತೆಗೆ ಇಳಿಸಿದರೆ: ಒಂದು ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳು 11 ಅಡಿ ಚಿಲ್ಲರೆ ದಾಟಿದ ಮೇಲೆ ಕಣ್ಣಿಗೆ ಒಂದೇ ಚುಕ್ಕೆ. ಅರ್ಧ ಮಿಲಿಮೀಟರ್ ಆದರೆ ಐದೂವರೆ ಅಡಿ ದಾಟಿದ ಮೇಲೆ.

43 ಇಂಚಿನ ಟಿವಿಯ ಅಗಲ 95 ಸೆಂಟಿಮೀಟರ್. ಫುಲ್ ಎಚ್‌ಡಿಯಾದರೆ ಆ ಅಗಲದಲ್ಲಿ 1920 ಚುಕ್ಕೆ, ಒಂದು ಚುಕ್ಕೆ ಅರ್ಧ ಮಿಲಿಮೀಟರ್. ಆರು ಅಡಿ ಹಿಂದೆ ಸರಿದರೆ ಅದರ ಚುಕ್ಕೆಗಳೇ ಕಾಣುವುದಿಲ್ಲ. ಅದೇ ಟಿವಿ 4ಕೆಯಾದರೆ ಚುಕ್ಕೆ ಕಾಲು ಮಿಲಿಮೀಟರ್. ಅದರ ಪೂರ್ತಿ ಲಾಭ ಸಿಗಬೇಕಾದರೆ ಮೂರು ಅಡಿಯೊಳಗೆ ಬರಬೇಕು. ಮೂರು ಅಡಿ ಅಂದರೆ ಟೀಪಾಯಿ ಮೇಲೆ ಕೂತು ನೋಡಿದ ಹಾಗೆ. 55 ಇಂಚಿನದಾದರೆ ಫುಲ್ ಎಚ್‌ಡಿ ಚುಕ್ಕೆ 7 ಅಡಿಗೆ ಮಾಯ, 4ಕೆ ಚುಕ್ಕೆ ಮೂರೂವರೆ ಅಡಿಗೆ, 8ಕೆ ಚುಕ್ಕೆ ಎರಡು ಅಡಿಯೊಳಗೆ. 65 ಇಂಚಿಗೆ ಎಂಟೂವರೆ, ನಾಲ್ಕು, ಎರಡು ಅಡಿ.

ಇಲ್ಲಿಗೇ ನಿಲ್ಲಿಸಿ "4ಕೆ ಬರೀ ಬುರುಡೆ" ಅಂದುಬಿಟ್ಟರೆ ತಪ್ಪಾಗುತ್ತದೆ. ಆಸ್ಪತ್ರೆಯ ಫಲಕ ಕನ್ನಡಕ ಬೇಕೋ ಬೇಡವೋ ಹೇಳಲು ಮಾಡಿದ್ದು, ಪರದೆ ಅಳೆಯಲು ಅಲ್ಲ. ಚುರುಕು ಕಣ್ಣಿನವರು 6/6ಕ್ಕಿಂತ ಚೆನ್ನಾಗಿಯೇ ನೋಡುತ್ತಾರೆ. 2025ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಮೆಟಾ ಕಂಪನಿಯ ಸಂಶೋಧಕರು ಇದನ್ನು ಪರದೆಯನ್ನೇ ಹಿಂದೆ ಮುಂದೆ ಸರಿಸಿ ಅಳೆದರು. ಹಳೆಯ ಲೆಕ್ಕದ ಪ್ರಕಾರ ಕಣ್ಣು ಒಂದು ಡಿಗ್ರಿಯಲ್ಲಿ 60 ಪಿಕ್ಸೆಲ್ ಬಿಡಿಸಬಲ್ಲದು. ಅವರಿಗೆ ಸಿಕ್ಕಿದ್ದು ಕಪ್ಪು-ಬಿಳುಪು ಚಿತ್ರಕ್ಕೆ 94, ಕೆಂಪು-ಹಸಿರಿಗೆ 89, ಹಳದಿ-ನೇರಳೆಗೆ 53. ಅಂದರೆ ನಾನು ಈಗಷ್ಟೇ ಹೇಳಿದ ಅಡಿಗಳನ್ನು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಮಾಡಿಕೊಳ್ಳಿ. ಹಾಗೆ ಮಾಡಿದರೆ 43 ಇಂಚಿನ ಫುಲ್ ಎಚ್‌ಡಿ ಸುಮಾರು 9 ಅಡಿಗೆ ಸಾಕಾಗುತ್ತದೆ, 55 ಇಂಚಿನದು 11 ಅಡಿಗೆ, 65 ಇಂಚಿನದು 13 ಅಡಿಗೆ. ಅದಕ್ಕಿಂತ ಹತ್ತಿರ ಕೂತರೆ 4ಕೆಯಿಂದ ಏನಾದರೂ ಸಿಗುತ್ತದೆ. 4ಕೆಗಿಂತ ಹೆಚ್ಚು ಬೇಕೆನಿಸಲು 65 ಇಂಚಿನ ಮುಂದೆ ಆರೂವರೆ ಅಡಿಯೊಳಗೆ ಕೂರಬೇಕು.

ಹಾಗಾಗಿ ನನ್ನ ತೀರ್ಪು ಹೀಗಿದೆ. 10 ಅಡಿಯಿಂದ 43 ಇಂಚು ನೋಡುವವರಿಗೆ 4ಕೆ ಅನ್ನುವುದು ಪೆಟ್ಟಿಗೆಯ ಮೇಲಿನ ಅಕ್ಷರ. 55 ಇಂಚಿಗೆ, ಸಣ್ಣ ಅಕ್ಷರದಲ್ಲಿ, ಮರದ ಎಲೆಗಳಲ್ಲಿ, ಸೀರೆಯ ನೇಯ್ಗೆಯಲ್ಲಿ ಕೂದಲೆಳೆಯ ವ್ಯತ್ಯಾಸ ಸಿಗಬಹುದು. 65 ಇಂಚಿಗೆ 4ಕೆ ಬೇಕು. ಈ ದೂರದಿಂದ 8ಕೆ ಯಾರಿಗೂ ಬೇಡ.

ಬೇಲೂರಿಗೆ ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ, ಎಲ್ಲರೂ ಹೋಗಿದ್ದೀರಿ. ಅಲ್ಲಿ ಸೂರಿನ ಕೆಳಗಿನ ಮದನಿಕೆಯರಲ್ಲಿ ಒಬ್ಬಳ ಮೇಲಿನ ಬಳ್ಳಿಯ ಹಣ್ಣಿನ ಮೇಲೆ ನೊಣ ಕೂತಿದೆ, ಅದನ್ನು ಹಿಡಿಯಲು ಹಲ್ಲಿ ಹೊಂಚು ಹಾಕಿದೆ ಅಂತ ಗೈಡ್ ತೋರಿಸುತ್ತಾರೆ. ಅವರು ತೋರಿಸುವ ತನಕ ಕೆಳಗೆ ನಿಂತ ಎಷ್ಟು ಜನಕ್ಕೆ ಆ ನೊಣ ಕಂಡಿದೆ? ಶಿಲ್ಪಿ ಕೆತ್ತಿದ್ದು ದೇವರಿಗೆ, ಅವನು ನೋಡುಗರ ದೂರದ ಲೆಕ್ಕ ಇಟ್ಟುಕೊಳ್ಳಬೇಕಾಗಿರಲಿಲ್ಲ. ನಾವು ಟಿವಿಗೆ ಕೊಡುವುದು ಕಂತಿನ ದುಡ್ಡು. ಲೆಕ್ಕ ಇಡಬೇಕು.

"ಹಾಗಾದರೆ ಫುಲ್ ಎಚ್‌ಡಿ ಟಿವಿಯೇ ತಗೊಳ್ಳೋಣವೇ?" ಅನ್ನುತ್ತೀರಿ. 50 ಇಂಚು ದಾಟಿದ ಮೇಲೆ ಅಂಗಡಿಯಲ್ಲಿ ಅದು ಸಿಗುವುದೇ ಕಷ್ಟ, ಪ್ಯಾನೆಲ್ ಮಾಡುವವರೇ 4ಕೆಗೆ ಹೋಗಿಬಿಟ್ಟಿದ್ದಾರೆ. ಅದೇನೂ ನಷ್ಟವಲ್ಲ, 4ಕೆ ಈಗ ಪುಕ್ಕಟೆ ಬಂದ ಹಾಗೆ. ನಷ್ಟವಾಗುವುದು ಎಲ್ಲಿ ಅಂದರೆ, 4ಕೆ ಅನ್ನುವ ಅಕ್ಷರ ಕಂಡು ಉಳಿದದ್ದೆಲ್ಲ ಚೆನ್ನಾಗಿದೆ ಅಂದುಕೊಂಡಾಗ.

ಮೊದಲು ಸಿಗ್ನಲ್ ನೋಡೋಣ. ಇದರ ಮೂಲ ನಮ್ಮೂರಲ್ಲೇ ಇದೆ. ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಉಪಗ್ರಹಗಳ ನಿಯಂತ್ರಣ ಕೇಂದ್ರ, 1982ರಿಂದ ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸುತ್ತಿದೆ. ಅದೇ ವರ್ಷ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. 2015ರ ನವೆಂಬರ್‌ನಲ್ಲಿ ಹಾರಿಸಿದ್ದು. ಕಾರ್ಯಕ್ರಮ ಮೇಲೇರುವುದು ದೆಹಲಿಯಿಂದ, ಉಪಗ್ರಹವನ್ನು ನೋಡಿಕೊಳ್ಳುವುದು ಹಾಸನದಿಂದ. ಸುಮಾರು 36 ಸಾವಿರ ಕಿಲೋಮೀಟರ್ ಮೇಲಿಂದ ಇಳಿದು ಬರುವ ಚಿತ್ರದಲ್ಲಿ ಎಷ್ಟು ಚುಕ್ಕೆ ಇದೆ ಅನ್ನುವುದೇ ನಮ್ಮ ಪ್ರಶ್ನೆ.

ಒಂದು ಟ್ರಾನ್ಸ್‌ಪಾಂಡರ್ ಅಂದರೆ ಉಪಗ್ರಹದಲ್ಲಿ ಸಿಗ್ನಲ್ ಹಿಡಿದು ಮತ್ತೆ ಕೆಳಗೆ ಕಳಿಸುವ ಯಂತ್ರ. ಅದನ್ನು ಒಂದು ಬಸ್ಸು ಅಂದುಕೊಳ್ಳಿ. ಹಳೆಯ ಬಗೆಯ ಪ್ರಸಾರದಲ್ಲಿ ಅದರೊಳಗೆ ಸೆಕೆಂಡಿಗೆ 40 ಮೆಗಾಬಿಟ್ ಆಸುಪಾಸು ಹಿಡಿಸುತ್ತದೆ. ಸಂತೆ ದಿನದ ಬಸ್ಸಿನ ಹಾಗೆ ಅದರಲ್ಲಿ 20 ಚಾನೆಲ್ ತುಂಬಿದರೆ ಒಂದೊಂದಕ್ಕೆ ಸಿಗುವುದು 2 ಮೆಗಾಬಿಟ್. ಡಿವಿಡಿಯಲ್ಲಿ ಇದೇ ಅಳತೆಯ ಚಿತ್ರಕ್ಕೆ ಅದರ ಎರಡು ಮೂರು ಪಟ್ಟು ಜಾಗ ಕೊಡುತ್ತಿದ್ದರು. ಜಾಗ ಸಾಲದಿದ್ದಾಗ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಯ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಒಳಗಿನ ಸೂಕ್ಷ್ಮವನ್ನು ಬಿಟ್ಟುಬಿಡುತ್ತದೆ ಯಂತ್ರ. ಮಳೆ, ಹೊಗೆ, ನೀರು, ಬಣ್ಣದ ಬೆಳಕಿನ ಕುಣಿತ, ಇಂಥ ದೃಶ್ಯ ಬಂದಾಗ ಮುಖವೆಲ್ಲ ಇಟ್ಟಿಗೆ ಇಟ್ಟಿಗೆಯಾಗುವುದು ಇದಕ್ಕೇ. ಈಗ 32 ಇಂಚಿನ ಟಿವಿಯಲ್ಲಿ ಆ ಚೌಕದ ಎತ್ತರ ಐದೂವರೆ ಮಿಲಿಮೀಟರ್. 55 ಇಂಚಿನದರಲ್ಲಿ ಒಂದು ಸೆಂಟಿಮೀಟರಿಗೆ ಹತ್ತಿರ. ಹತ್ತು ಅಡಿಯಿಂದ ಢಾಳಾಗಿ ಕಾಣುತ್ತದೆ.

"ದೊಡ್ಡ ಟಿವಿ ತಂದೆವು, ಚಿತ್ರ ಹಳೆಯ ಟಿವಿಗಿಂತ ಕೆಟ್ಟದಾಗಿದೆ" ಅಂತ ಗೊಣಗುವವರ ಸಮಸ್ಯೆ ಹತ್ತರಲ್ಲಿ ಎಂಟು ಸಲ ಇದೇ. ಟಿವಿ ಕೆಟ್ಟಿಲ್ಲ. 4 ಲಕ್ಷ ಚುಕ್ಕೆಯ ಚಿತ್ರವನ್ನು 83 ಲಕ್ಷಕ್ಕೆ ಹಿಗ್ಗಿಸುವಾಗ ಒಂದು ಚುಕ್ಕೆ ಇಪ್ಪತ್ತಾಗಬೇಕು. ಹತ್ತೊಂಬತ್ತನ್ನು ಟಿವಿಯ ಒಳಗಿನ ಚಿಪ್ ಊಹಿಸಿ ತುಂಬುತ್ತದೆ. ಒಳ್ಳೆಯ ಚಿಪ್ ಚೆನ್ನಾಗಿ ಊಹಿಸುತ್ತದೆ, ಅಗ್ಗದ್ದು ತಪ್ಪು ಊಹಿಸುತ್ತದೆ. ಯಾವುದೂ ಇಲ್ಲದ್ದನ್ನು ಹುಟ್ಟಿಸಲಾರದು. ಮನೆಯಲ್ಲಿ ದಿನವಿಡೀ ಓಡುವುದು ಎಸ್‌ಡಿ ಚಾನೆಲ್ಲೇ ಆದರೆ 43 ಇಂಚಿಗೆ ನಿಲ್ಲಿಸಿ. ದೊಡ್ಡದೇ ಬೇಕು ಅಂದರೆ ನೋಡುವ ಚಾನೆಲ್‌ಗಳನ್ನು ಮೊದಲು ಎಚ್‌ಡಿ ಮಾಡಿಸಿಕೊಳ್ಳಿ. ಎಚ್‌ಡಿ ಚಾನೆಲ್ ಅಂದರೂ ಬರುವುದು 1080 ಸಾಲೇ, ಅದೂ ಒಂದು ಸಲಕ್ಕೆ ಸಾಲು ಬಿಟ್ಟು ಸಾಲು. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಹೊತ್ತು ಓಡುವ ಧಾರಾವಾಹಿ, ವಾರ್ತೆಗಳಿಗೆ 4ಕೆ ಅನ್ನುವುದು ಪರದೆಯಲ್ಲಿದೆ, ಗಾಳಿಯಲ್ಲಿಲ್ಲ.

ಮಲೆನಾಡಿನ ಕಡೆಯವರಿಗೆ ಒಂದು ಮಾತು. ಡಿಶ್‌ಗೆ ಬರುವ ಸಿಗ್ನಲ್ ಕೆಯು ಬ್ಯಾಂಡ್ ಅನ್ನುವ ಕಿರು ಅಲೆಗಳದು, ದಟ್ಟ ಮಳೆ ಅದನ್ನು ನುಂಗುತ್ತದೆ. ಆಷಾಢದ ಮಳೆಯಲ್ಲಿ ಸಾಮಾನ್ಯವಾಗಿ ಎಚ್‌ಡಿ ಚಾನೆಲ್ ಮೊದಲು ಹೋಗುತ್ತದೆ, ಎಸ್‌ಡಿ ಸ್ವಲ್ಪ ಹೊತ್ತು ತಾಳುತ್ತದೆ. ಎಚ್‌ಡಿಗೆ ಹೆಚ್ಚು ಮಾಹಿತಿ ಒತ್ತರಿಸಿ ಕಳಿಸುವ ಬಗೆಯೇ ಬೇರೆ, ಅದಕ್ಕೆ ಸಿಗ್ನಲ್ ಹೆಚ್ಚು ಗಟ್ಟಿ ಇರಬೇಕು. 60 ಸೆಂಟಿಮೀಟರ್ ಡಿಶ್ ತೆಗೆದು 90ರದ್ದು ಹಾಕಿದರೆ ಸಿಗ್ನಲ್ ಹಿಡಿಯುವ ಜಾಗ ಎರಡೂಕಾಲು ಪಟ್ಟಾಗುತ್ತದೆ. ಸಾಧಾರಣ ಮಳೆ ದಾಟಿಸುತ್ತದೆ, ಕುಂಭದ್ರೋಣ ಮಳೆಗೆ ಅದೂ ಸೋಲುತ್ತದೆ. ದೊಡ್ಡ ಡಿಶ್ ಹಾಕಿದರೆ ಗಾಳಿಗೆ ಅಲ್ಲಾಡದಂತೆ ಕಂಬ ಗಟ್ಟಿ ಇರಲಿ. ಡಿಶ್ ದೊಡ್ಡದಾದಷ್ಟೂ ಅದರ ನೋಟ ಕಿರಿದು, ಒಂದು ಡಿಗ್ರಿ ತಿರುಗಿದರೂ ಮಳೆಗೆ ಅಂತ ಗಳಿಸಿದ್ದು ಕೈಬಿಟ್ಟುಹೋಗುತ್ತದೆ.

ಇನ್ನು ಇಂಟರ್ನೆಟ್. 4ಕೆ ನಿಜವಾಗಿ ಸಿಗುವುದು ಇಲ್ಲಿ. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ಇರಬೇಕು ಅನ್ನುತ್ತದೆ. 15ನ್ನು ಒಂದು ಗಂಟೆಗೆ ಗುಣಿಸಿ, ಎಂಟು ಬಿಟ್ಟಿಗೆ ಒಂದು ಬೈಟ್ ಅಂತ ಭಾಗಿಸಿದರೆ ಆರೂಮುಕ್ಕಾಲು ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಿಂದ ಟಿವಿಗೆ ಹಾಟ್‌ಸ್ಪಾಟ್ ಕೊಟ್ಟರೆ 18 ನಿಮಿಷಕ್ಕೆ ಖಾಲಿ. ಫೈಬರ್ ಇದ್ದವರಿಗೆ ಆ ಚಿಂತೆಯಿಲ್ಲ, ಆದರೆ ಬೇರೆ ತೊಡಕುಗಳಿವೆ. 4ಕೆಯನ್ನು ಹೆಚ್ಚಿನ ಕಂಪನಿಗಳು ಮೇಲಿನ ಪ್ಲಾನಿಗೆ ಮೀಸಲಿಟ್ಟಿವೆ. ಕೆಳಗಿನ ಪ್ಲಾನ್ ಇಟ್ಟುಕೊಂಡು 4ಕೆ ಟಿವಿಯಲ್ಲಿ ನೋಡಿದರೆ ಬರುವುದು ಫುಲ್ ಎಚ್‌ಡಿ ಅಥವಾ ಅದಕ್ಕಿಂತ ಕಡಿಮೆ. ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಕೊಂಡವರದು ಇನ್ನೊಂದು ಪಾಡು. ನಕಲು ತಡೆಯುವ ವೈಡ್‌ವೈನ್ ಎಲ್1 ಮಾನ್ಯತೆ ಅದರಲ್ಲಿ ಇಲ್ಲದಿದ್ದರೆ ಆ್ಯಪ್ ಕೊಡುವುದೇ ಎಸ್‌ಡಿ. ಬಾಕ್ಸಿನ ಮೇಲೆ 4ಕೆ ಅಂತ ಚಿನ್ನದ ಅಕ್ಷರದಲ್ಲಿ ಬರೆದಿರುತ್ತದೆ, ಪರದೆಯಲ್ಲಿ ಮುಖ ಮಸುಕು.

ಹಳೆಯ ಮಣ್ಣಿನ ಗೋಡೆ, ಕಲ್ಲಿನ ಗೋಡೆಯ ಮನೆಗಳಲ್ಲಿ ವೈಫೈ ಸೋಲುತ್ತದೆ. ರೌಟರ್ ಕೊಡುವ ಎರಡು ಅಲೆಗಳಲ್ಲಿ 5 ಗಿಗಾಹರ್ಟ್ಸ್‌ನದು ವೇಗದ್ದು, ಆದರೆ ದಪ್ಪ ಗೋಡೆ ದಾಟದು. 2.4ರದ್ದು ದಾಟುತ್ತದೆ, ವೇಗ ಕಡಿಮೆ. ಇದಕ್ಕೆ ಮದ್ದು ಲ್ಯಾನ್ ಕೇಬಲ್. ನೂರು ಮೀಟರಿನವರೆಗೆ ಎಳೆಯಬಹುದು. ಎಷ್ಟೋ ಟಿವಿಗಳ ಲ್ಯಾನ್ ಕಿಂಡಿ 100 ಮೆಗಾಬಿಟ್‌ನದು, ಅಷ್ಟೇನಾ ಅಂತ ಕೊರಗಬೇಡಿ. ನಮಗೆ ಬೇಕಾದ್ದು 15, 20.

ಒಂದು ವಿಷಯ ಅನೇಕರಿಗೆ ವಿಚಿತ್ರವಾಗಿ ಕೇಳುತ್ತದೆ. ಬ್ಲೂ-ರೇ ತಟ್ಟೆಯಲ್ಲಿ ಫುಲ್ ಎಚ್‌ಡಿ ಚಿತ್ರಕ್ಕೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಜಾಗವಿದೆ. ಅದರ ಕತ್ತಲ ದೃಶ್ಯ, ಮಂಜಿನ ದೃಶ್ಯ 15 ಮೆಗಾಬಿಟ್‌ನ 4ಕೆಗಿಂತ ಎಷ್ಟೋ ಸಲ ಶುದ್ಧವಾಗಿರುತ್ತದೆ. ಸಿನಿಮಾ ಮಂದಿರಗಳ ಡಿಜಿಟಲ್ ಪ್ರೊಜೆಕ್ಟರುಗಳಲ್ಲಿ ಬಹಳಷ್ಟು 2ಕೆ, ಅಂದರೆ 2048ಕ್ಕೆ 1080. ಫುಲ್ ಎಚ್‌ಡಿಗಿಂತ ಕೂದಲಷ್ಟು ಅಗಲ. ಗೋಡೆಯಗಲದ ಪರದೆಯ ಮೇಲೆ ಅದನ್ನು ನೋಡಿ ಶಿಳ್ಳೆ ಹೊಡೆದು ಬರುವವರು ನಾವು.

ಹಾಗಾದರೆ ಚಿತ್ರ ಚೆನ್ನಾಗಿದೆ ಅನ್ನಿಸುವುದು ಯಾವುದರಿಂದ? ನನ್ನನ್ನು ಕೇಳಿದರೆ ಮೊದಲನೆಯದು ಕಪ್ಪು. ರಾತ್ರಿಯ ದೃಶ್ಯದಲ್ಲಿ ಆಕಾಶ ಕಪ್ಪಾಗಿದೆಯೋ, ಬೂದಿ ಬಣ್ಣದಲ್ಲಿದೆಯೋ? ಎಲ್‌ಇಡಿ ಟಿವಿ ಅಂತ ಮಾರುವುದೆಲ್ಲ ಎಲ್‌ಸಿಡಿ ಪ್ಯಾನೆಲ್ಲೇ, ಹಿಂದಿನ ದೀಪ ಮಾತ್ರ ಎಲ್‌ಇಡಿ. ಪ್ಯಾನೆಲ್‌ನಲ್ಲಿ ಎರಡು ಜಾತಿ. ವಿಎ ಪ್ಯಾನೆಲ್‌ನಲ್ಲಿ ಬಿಳುಪು ಕಪ್ಪಿಗಿಂತ ಮೂರರಿಂದ ಐದು ಸಾವಿರ ಪಟ್ಟು ಬೆಳಗುತ್ತದೆ, ಐಪಿಎಸ್‌ನಲ್ಲಿ ಸಾವಿರದ ಆಸುಪಾಸು. ಐಪಿಎಸ್ ಪಕ್ಕದಿಂದ ನೋಡಿದರೂ ಬಣ್ಣ ಕೆಡಿಸದು. ಹಾಲ್‌ನಲ್ಲಿ ಮೂರು ಕಡೆ ಕೂತು ನೋಡುವ ಮನೆಗೆ ಐಪಿಎಸ್, ಎದುರಿಗೆ ಕೂತು ರಾತ್ರಿ ಸಿನಿಮಾ ನೋಡುವವರಿಗೆ ವಿಎ. ಓಲೆಡ್‌ನಲ್ಲಿ ಪ್ರತಿ ಚುಕ್ಕೆಯೂ ತಾನೇ ದೀಪ, ಆರಿಸಿದರೆ ಪೂರ್ತಿ ಕಪ್ಪು, ದುಬಾರಿ.

ಎರಡನೆಯದು ಎಚ್‌ಡಿಆರ್. ಹಳೆಯ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, ಇದರಲ್ಲಿ 1024. ಸಂಜೆಯ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುವುದು ನಿಲ್ಲುತ್ತದೆ. ಬೆಳಕಿನ ಹೊಳಪಿಗೆ ಹೆಚ್ಚು ಹರವು ಸಿಗುತ್ತದೆ. ಹತ್ತು ಅಡಿಯಿಂದಲೂ, ಕಣ್ಣು ಸ್ವಲ್ಪ ಮಂದವಿದ್ದವರಿಗೂ ಇದು ಕಾಣುತ್ತದೆ. ಆದರೆ ಟಿವಿಯ ಹೊಳಪು 250, 300 ನಿಟ್ ಅಷ್ಟೇ ಇದ್ದರೆ ಎಚ್‌ಡಿಆರ್ ಅನ್ನುವುದು ಹೆಸರಿಗೆ ಮಾತ್ರ. ಸಿಗ್ನಲ್ ಒಳಗೆ ಬಂದರೂ ತೋರಿಸಲು ಶಕ್ತಿಯಿಲ್ಲ, ಚಿತ್ರ ಇನ್ನಷ್ಟು ಮಂಕಾಗುವುದೂ ಉಂಟು. 600 ದಾಟಿದರೆ ಮಾತಾಡೋಣ.

ಮೂರನೆಯದು ಚಲನೆ, ಕ್ರಿಕೆಟ್ ನೋಡುವವರಿಗೆ. ಚೆಂಡು ಪರದೆಯ ಈ ತುದಿಯಿಂದ ಆ ತುದಿಗೆ ಒಂದು ಸೆಕೆಂಡಿನಲ್ಲಿ ಹೋಯಿತೆನ್ನಿ. ಸೆಕೆಂಡಿಗೆ 50 ಚಿತ್ರವಾದರೆ, ಒಂದರಿಂದ ಇನ್ನೊಂದಕ್ಕೆ ಚೆಂಡು 4ಕೆ ಪರದೆಯಲ್ಲಿ 77 ಪಿಕ್ಸೆಲ್ ಜಿಗಿಯುತ್ತದೆ. ಎಲ್‌ಸಿಡಿ ಪ್ರತಿ ಚಿತ್ರವನ್ನೂ ಮುಂದಿನದು ಬರುವ ತನಕ ಹಿಡಿದಿಟ್ಟಿರುತ್ತದೆ, ನಮ್ಮ ಕಣ್ಣು ಮಾತ್ರ ಚೆಂಡಿನ ಹಿಂದೆ ಓಡುತ್ತಲೇ ಇರುತ್ತದೆ. ಹಾಗಾಗಿ ಚೆಂಡು 77 ಪಿಕ್ಸೆಲ್ ಅಗಲಕ್ಕೆ ಸವರಿಹೋಗುತ್ತದೆ. ಫುಲ್ ಎಚ್‌ಡಿಯಲ್ಲಿ 38 ಪಿಕ್ಸೆಲ್. ಅಳೆದರೆ ಎರಡೂ ಒಂದೇ. 55 ಇಂಚಿನ ಪರದೆಯಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಮಸುಕು. ಓಡುವ ಚಿತ್ರದಲ್ಲಿ ಹೆಚ್ಚಿನ ಚುಕ್ಕೆಗಳೆಲ್ಲ ಆ ಮಸುಕಿನೊಳಗೆ ಮುಳುಗಿಹೋದವು. 8ಕೆಗಿಂತ ಸೆಕೆಂಡಿಗೆ 100 ಅಥವಾ 120 ಸಲ ಚಿತ್ರ ಬದಲಿಸುವ ಪ್ಯಾನೆಲ್‌ಗೆ ಕೊಟ್ಟ ದುಡ್ಡು ಕ್ರಿಕೆಟ್‌ನಲ್ಲಿ ವಾಪಸು ಬರುತ್ತದೆ.

ಇವೆಲ್ಲಕ್ಕಿಂತ ಮೊದಲು ಗಾತ್ರ. ಕೂರುವ ದೂರವನ್ನು ಇಂಚಿನಲ್ಲಿ ಅಳೆದು 1.6ರಿಂದ ಭಾಗಿಸಿದರೆ ಸಿನಿಮಾದ ಅನುಭವ ಕೊಡುವ ಗಾತ್ರ ಸಿಗುತ್ತದೆ. 10 ಅಡಿ, ಅಂದರೆ 120 ಇಂಚಿಗೆ, 75 ಇಂಚಿನ ಟಿವಿ. ಅಷ್ಟು ದೊಡ್ಡದು ಬೇಡ ಅಂದರೆ 2.2ರಿಂದ ಭಾಗಿಸಿ, 55 ಬರುತ್ತದೆ. ಎಲ್ಲ ಬಗೆಯ ಕಾರ್ಯಕ್ರಮಕ್ಕೂ ಹೊಂದುವ ನಡುದಾರಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಉಳಿದ ದುಡ್ಡನ್ನು ಹೆಚ್ಚಿನ ಕೆಗೆ ಹಾಕಬೇಡಿ, ಹೆಚ್ಚಿನ ಇಂಚಿಗೆ ಅಥವಾ ಒಳ್ಳೆಯ ಪ್ಯಾನೆಲ್‌ಗೆ ಹಾಕಿ.

ಅಂಗಡಿಯಲ್ಲಿ ಓಡುವ ಡೆಮೊ ಚಿತ್ರ ನೋಡಿ ಮರುಳಾಗಬೇಡಿ. ನಿಧಾನ ಚಲಿಸುವ ಹೂವು, ಗಿಳಿ, ಹಣ್ಣು. ಟಿವಿ ಸ್ಟೋರ್ ಮೋಡಿನಲ್ಲಿ, ಬಣ್ಣ ಹೊಳಪು ತುದಿಗೇರಿಸಿ. ಮಾರಾಟದವರನ್ನು ಕೇಳಿ ಸಿನಿಮಾ ಮೋಡಿಗೆ ಬದಲಿಸಿ. ನೀವು ಮನೆಯಲ್ಲಿ ನೋಡುವ ಚಾನೆಲ್ ಹಾಕಿಸಿ. ಹತ್ತು ಹೆಜ್ಜೆಯಲ್ಲ, ನಿಮ್ಮ ಮನೆಯ ಅಡಿ ಅಳೆದು ಅಷ್ಟು ಹಿಂದೆ ನಿಲ್ಲಿ. ಒಂದು ಕತ್ತಲ ದೃಶ್ಯ ನೋಡಿ, ಪಕ್ಕಕ್ಕೆ ನಾಲ್ಕು ಅಡಿ ಸರಿದು ಮತ್ತೆ ನೋಡಿ. ಆಮೇಲೆ ಬೆಲೆ ಕೇಳಿ.

ಮನೆಗೆ ತಂದ ಮೇಲೆ ಕೆಡಿಸುವುದು ನಾವೇ. ಎಚ್‌ಡಿ ಬಾಕ್ಸ್ ಇದ್ದರೂ ಹಳೆಯ ಕೆಂಪು-ಬಿಳಿ-ಹಳದಿ ವೈರನ್ನೇ ಹೊಸ ಟಿವಿಗೂ ಚುಚ್ಚಿರುತ್ತಾರೆ. ಆ ಹಳದಿ ವೈರಿನಲ್ಲಿ ಎಸ್‌ಡಿಗಿಂತ ಹೆಚ್ಚು ಹೋಗುವುದೇ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸಿನ ಸೆಟಿಂಗ್ಸ್‌ನಲ್ಲಿ ವಿಡಿಯೊ ಔಟ್‌ಪುಟ್ 576 ಅಂತ ಇದ್ದರೆ 1080 ಮಾಡಿ. 4ಕೆ ಬಾಕ್ಸಿಗೆ 18 ಗಿಗಾಬಿಟ್ ಹೊರುವ ಕೇಬಲ್ ಬೇಕು. ಹಳೆಯದು ಹಾಕಿದರೆ ಪರದೆ ಆಗಾಗ ಕಪ್ಪಾಗುತ್ತದೆ, ಟಿವಿಯ ಮೇಲೆ ಅನುಮಾನ ಬರುತ್ತದೆ. ಟಿವಿಯ ಎಚ್‌ಡಿಎಂಐ ಸೆಟಿಂಗ್‌ನಲ್ಲಿ ಎನ್‌ಹಾನ್ಸ್ಡ್ ಅಥವಾ ಯುಎಚ್‌ಡಿ ಕಲರ್ ಅನ್ನುವುದು ಆನ್ ಇರದಿದ್ದರೆ ಎಚ್‌ಡಿಆರ್ ಬರದು.

ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸಿ ಹಿಗ್ಗಿಸುವ ಚಾಳಿ ಟಿವಿಗಳಿಗಿದೆ, ಹಳೆಯ ಪಿಕ್ಚರ್ ಟ್ಯೂಬ್ ಕಾಲದಿಂದ ಬಂದದ್ದು. ಪಿಕ್ಚರ್ ಸೈಜ್‌ನಲ್ಲಿ ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್ ಆರಿಸಿದರೆ ಚುಕ್ಕೆಗೆ ಚುಕ್ಕೆ ಕೂರುತ್ತದೆ. ಎಷ್ಟೋ ಟಿವಿಗಳಲ್ಲಿ ಇದೊಂದರಿಂದಲೇ ವಾರ್ತೆಯ ಕೆಳಗಿನ ಅಕ್ಷರ ಚೂಪಾಗುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಶಾರ್ಪ್‌ನೆಸ್ ಅನ್ನುವುದನ್ನು ಏರಿಸಬೇಡಿ, ಇಳಿಸಿ. ಅದು ಸೂಕ್ಷ್ಮವನ್ನು ಹೆಚ್ಚಿಸುವುದಿಲ್ಲ, ಅಂಚಿಗೆ ಬಿಳಿ ಗೆರೆ ಬಳಿಯುತ್ತದೆ ಅಷ್ಟೇ. ಸಿನಿಮಾ ನೋಡುವಾಗ ಧಾರಾವಾಹಿಯ ಹಾಗೆ ಜಾರುಜಾರಾಗಿ ಕಂಡರೆ ಮೋಷನ್ ಅನ್ನುವುದನ್ನು ಆಫ್ ಮಾಡಿ.

ಮತ್ತೆ ಎತ್ತರ. ಮಕ್ಕಳ ಕೈಗೆ ಸಿಗದಿರಲಿ ಅಂತ ಆರು ಅಡಿ ಮೇಲೆ, ದೇವರ ಫೋಟೋದ ಸಾಲಿಗೆ ಟಿವಿ ತೂಗುಹಾಕುವ ಮನೆಗಳಿವೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ 40 ಇಂಚಿನ ಸುತ್ತಮುತ್ತ ಇರುತ್ತದೆ. 55 ಇಂಚಿನ ಟಿವಿಯ ಎತ್ತರ 27 ಇಂಚು. ಅದರ ನಡುಮಧ್ಯ ಕಣ್ಣಿನ ನೇರಕ್ಕೆ ಬರಬೇಕಾದರೆ ಕೆಳಗಿನ ಅಂಚು ನೆಲದಿಂದ 26, 27 ಇಂಚಿಗಿರಬೇಕು. ಆರು ಅಡಿ ಮೇಲೆ ಹಾಕಿದ ವಿಎ ಪ್ಯಾನೆಲ್‌ಅನ್ನು ಕೆಳಗಿನಿಂದ ನೋಡಿದರೆ ಕಪ್ಪು ಬೂದಿಯಾಗುತ್ತದೆ, ಕುತ್ತಿಗೆ ನೋವು ಬೇರೆ.

8ಕೆ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರ್‌ನಿಂದ 8ಕೆ ಪ್ರಸಾರ ಮಾಡುತ್ತಿದೆ, ಟೋಕಿಯೊ ಒಲಿಂಪಿಕ್ಸ್ ತೋರಿಸಿತು. ಯುರೋಪಿನ ಒಕ್ಕೂಟ 2023ರ ಮಾರ್ಚ್‌ನಿಂದ ವಿದ್ಯುತ್ ಬಳಕೆಯ ಮಿತಿಯನ್ನು 8ಕೆ ಟಿವಿಗಳಿಗೂ ಹಾಕಿತು. 8ಕೆಗೆ ಅದು ಕಷ್ಟ, ಏಕೆಂದರೆ ಚುಕ್ಕೆ ಸಣ್ಣದಾದಷ್ಟೂ ಬೆಳಕು ದಾಟುವ ಕಿಂಡಿ ಕಿರಿದಾಗುತ್ತದೆ, ಹಿಂದಿನ ದೀಪ ಹೆಚ್ಚು ಉರಿಯಬೇಕಾಗುತ್ತದೆ. 85 ಇಂಚಿನ ಮುಂದೆ ಎಂಟೂವರೆ ಅಡಿಯೊಳಗೆ ಕೂತ ಚುರುಕು ಕಣ್ಣಿನವರಿಗೆ ಅದರಲ್ಲಿ ತುಸು ಸಿಗಬಹುದು. ಅವರಿಗೂ ನೋಡಲು 8ಕೆ ಕಾರ್ಯಕ್ರಮ ಬೇಕಲ್ಲ.

ಪ್ರಶ್ನೋತ್ತರದಿಂದ

ಪ್ರೊಜೆಕ್ಟರ್ ಬಗ್ಗೆ ಕೇಳಿದಿರಿ, ಹತ್ತು ಸಾವಿರಕ್ಕೆ 4ಕೆ ಸಿಗುತ್ತದಲ್ಲ ಅಂತ. ಪೆಟ್ಟಿಗೆಯ ಮೇಲೆ "4ಕೆ ಸಪೋರ್ಟ್" ಅಂತ ಇರುತ್ತದೆ. 4ಕೆ ಸಿಗ್ನಲ್ ಕೊಟ್ಟರೆ ಒಳಗೆ ತೆಗೆದುಕೊಳ್ಳುತ್ತದೆ ಅಂತ ಅದರರ್ಥ. ಗೋಡೆಗೆ ಎಸೆಯುವುದು 720 ಸಾಲೋ 1080 ಸಾಲೋ. 'ನೇಟಿವ್ ರೆಸೊಲ್ಯೂಶನ್' ಅಂತ ಇರುವ ಸಾಲನ್ನು ಹುಡುಕಿ ಓದಿ. ಆ ಸಾಲೇ ಇಲ್ಲದಿದ್ದರೆ ಕೊಳ್ಳಬೇಡಿ.

ಮಗನಿಗೆ ಕಂಪ್ಯೂಟರ್ ಮಾನಿಟರ್ ಕೊಡಿಸಬೇಕು ಅಂದ ತಾಯಿಗೆ: ಅಲ್ಲಿ ಲೆಕ್ಕ ತಿರುವುಮುರುವು. ಕೂರುವುದು ಎರಡು ಅಡಿಯಲ್ಲಿ. 27 ಇಂಚಿನ ಫುಲ್ ಎಚ್‌ಡಿ ಮಾನಿಟರಿನ ಚುಕ್ಕೆ 0.31 ಮಿಲಿಮೀಟರ್, ಅದು ಮಾಯವಾಗಲು ಮೂರೂವರೆ ಅಡಿ ಬೇಕು. ಕನ್ನಡದ ಒತ್ತಕ್ಷರ, ಸಣ್ಣ ಅಂಕಿ ಓದುವಾಗ ಅಂಚು ಗರಗಸದ ಹಾಗೆ ಕಾಣುತ್ತದೆ. ಮನೆಯಲ್ಲಿ 4ಕೆಗೆ ದುಡ್ಡು ಕೊಡುವ ಜಾಗ ಯಾವುದಾದರೂ ಇದ್ದರೆ ಅದು ಓದುವ ಮೇಜು.

ಮೊಮ್ಮಗಳು ಟಿವಿಗೆ ಮೂಗು ತಾಗಿಸಿಕೊಂಡು ಕೂರುತ್ತಾಳೆ, 4ಕೆ ತಂದರೆ ದೂರದಿಂದ ಚೆನ್ನಾಗಿ ಕಾಣುತ್ತದಾ ಅಂತ ಅಲ್ಲಿ ಹಿಂದೆ ಕೂತ ಅಜ್ಜನವರು ಕೇಳುತ್ತಿದ್ದಾರೆ. ಇಲ್ಲ ಅಜ್ಜ. ದೂರದಿಂದ ಕಾಣದ ಕಣ್ಣಿಗೆ 4ಕೆ ಚುಕ್ಕೆ ಇನ್ನೂ ಕಾಣದು. 6/12 ಕಣ್ಣಿದ್ದರೆ ಬಿಡಿಸಿ ನೋಡುವ ಶಕ್ತಿ ಅರ್ಧ, ನಾನು ಹೇಳಿದ ಅಡಿಗಳೆಲ್ಲ ಅರ್ಧಕ್ಕೆ ಇಳಿಯುತ್ತವೆ. ಹತ್ತಿರ ಹೋಗಿ ಕೂರುವುದು ಕೆಲವು ಮಕ್ಕಳಿಗೆ ಬರೀ ಅಭ್ಯಾಸ, ಕೆಲವರಿಗೆ ಸಮೀಪದೃಷ್ಟಿಯ ಗುರುತು. ಶಾಲೆಯಲ್ಲಿ ಬೋರ್ಡು ಕಾಣುತ್ತದೆಯೇ ಅಂತ ಕೇಳಿ ನೋಡಿ, ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಸಲ ಕಣ್ಣು ಪರೀಕ್ಷೆ ಮಾಡಿಸಿ. ಟಿವಿಯ ಮಾತು ಆಮೇಲೆ.